ನಾನು ಕಟ್ಟಿದ ಬಾಲ್ಕನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ಬಾಲ್ಕನಿ ಕಟ್ಟಿದ್ದು ನಾನು. ಇಟ್ಟಿಗೆ, ಸಿಮೆಂಟು, ಕೌನ್ಸಿಲ್ ಪರ್ಮಿಶನ್ನು ಯಾವುದೂ ಇಲ್ಲದೆ, ಬರೀ ಬಾಯಲ್ಲಿ. ಕಟ್ಟಿದ್ದು ಮ್ಯಾಂಚೆಸ್ಟರಿನ ಒಂದು ಪಬ್ಬಿನೊಳಗೆ, ಅದೂ ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಈಗ ಕೆಡವೋಣ ಅಂದರೆ ಯಾರೂ ಬಿಡುತ್ತಿಲ್ಲ.

ಕಾಕಾನಿಂದ ಶುರು ಮಾಡಬೇಕು. ಅವರು ನಮಗೆ ರಕ್ತಸಂಬಂಧ ಏನಲ್ಲ. ಧಾರವಾಡದ ಕಡೆಯ ಡಾಕ್ಟರು. ಎಪ್ಪತ್ತರ ದಶಕದ ಕೊನೆಯಲ್ಲಿ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದಕ್ಕೆ ಜೂನಿಯರ್ ಡಾಕ್ಟರಾಗಿ ಬಂದವರು, ಆಮೇಲೆ ಮ್ಯಾಕಲ್ಸ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರಾಗಿ ಅರ್ಧ ಊರಿನ ಗಂಟಲು ನೋಡಿ ನಿವೃತ್ತರಾದವರು. ಹಣೆಗೆ ವಿಭೂತಿ, ಮೈಮೇಲೆ ಬೂದಿ ಬಣ್ಣದ ಕಾರ್ಡಿಗನ್. ಅವರನ್ನು ನೋಡಿದರೆ ಪಂಕ್ ರಾಕ್ ನೆನಪಾಗುವುದಿಲ್ಲ, ಬಿಪಿ ಮಾತ್ರೆ ತಗೊಂಡೆನಾ ಅಂತ ನೆನಪಾಗುತ್ತದೆ.

ನನಗೆ ಹನ್ನೆರಡು ವರ್ಷ. ಭಾನುವಾರ ಕನ್ನಡ ಕ್ಲಾಸು. ಅಮ್ಮನೂ ಡಾಕ್ಟರು, ಅವಳ ಡ್ಯೂಟಿ ಪಟ್ಟಿಯಲ್ಲಿ ಭಾನುವಾರ ಬಂದಾಗೆಲ್ಲ ಕಾಕಾನೇ ನನ್ನನ್ನು ಕಾರಲ್ಲಿ ಮನೆಗೆ ಬಿಡುತ್ತಿದ್ದರು. ಒಂದು ಸಲ ರೇಡಿಯೋದಲ್ಲಿ ಏನೋ ಬಂತು. ಯಾರೋ ಸಿಟ್ಟಿನಲ್ಲಿ ಅಡುಗೆಮನೆ ಪಾತ್ರೆಗಳನ್ನೆಲ್ಲ ಮೆಟ್ಟಿಲ ಮೇಲಿಂದ ಎಸೆದು, ಅದಕ್ಕೆ ಗಿಟಾರು ಸೇರಿಸಿದ ಹಾಗಿತ್ತು. ವಚನ ಬಿಟ್ಟು ಬೇರೇನೂ ಕೇಳದ ಕಾಕಾ ಕೈ ಚಾಚಿ ವಾಲ್ಯೂಮ್ ಜಾಸ್ತಿ ಮಾಡಿದರು. ಇದೇನು ಕಾಕಾ ಅಂತ ಕೇಳಿದೆ. ಅವರು ಗೇರು ಬದಲಿಸಿದರು, ಸಣ್ಣಗೆ ಕೆಮ್ಮಿದರು, ಕಣ್ಣು ರಸ್ತೆ ಮೇಲೇ ಇಟ್ಟುಕೊಂಡು ಹೇಳಿದರು:

"ಆಸ್ಪತ್ರಿ ಹತ್ರ ಒಂದು ಪಬ್ಬಿನ್ಯಾಗ ಇಂಥಾವೆಲ್ಲ ಹಾಡತಿದ್ರು. ಯಾರಿಗರೆ ಪೆಟ್ಟು ಬೀಳತದ, ಡಾಕ್ಟರ್ ಬೇಕಾಗತದ ಅಂತ ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ. ಯಾರಿಗೂ ಬೀಳಲಿಲ್ಲ." ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಮಾತು: "ಮುಂದಿನ ವಾರ ಮತ್ತ ಹೋದೆ."

ಅಷ್ಟೇ ಕಥೆ. ಆದರೆ ಹನ್ನೆರಡು ವರ್ಷದ ನನಗೆ ಅದು ತಲೆಗೆ ಹತ್ತಿಬಿಟ್ಟಿತು. ಕಾಕಾನ ಗ್ಯಾರೇಜಿನಲ್ಲಿ ಒಂದು ರಟ್ಟಿನ ಡಬ್ಬದ ತುಂಬ ಆ ಕಾಲದ ಪಂಕ್ ರೆಕಾರ್ಡುಗಳಿದ್ದವು. ಮೂರು ನಿಮಿಷವೂ ಇರದ ಹಾಡುಗಳು. ನುಡಿಸಲು ಬರದಿದ್ದರೂ ನುಡಿಸಿಯೇ ತೀರುತ್ತೇವೆ ಅನ್ನುವ ಹುಡುಗರು, ಹರಿದ ಅಂಗಿ, ಅಂಗಿಗೆ ಸೇಫ್ಟಿ ಪಿನ್ನು. ಕೆಲವರಿಗೆ ಕೆನ್ನೆಗೇ ಪಿನ್ನು. ಅಲ್ಲಿ ಕೀವಾಗಿ ಕ್ಯಾಶುವಾಲ್ಟಿಗೆ ಬರುತ್ತಿದ್ದರಂತೆ, ಕಾಕಾ ಪಿನ್ನು ಬಿಡಿಸಿ ಡೆಟ್ಟಾಲ್ ಹಚ್ಚಿ ಕಳಿಸುತ್ತಿದ್ದರಂತೆ. ನಾನು ಪೂರ್ತಿ ಪಂಕ್ ಆಗಲು ತೀರ್ಮಾನಿಸಿದೆ. ಕೂದಲು ನಿಲ್ಲಿಸಲು ಜೆಲ್ ಕೊಡಿಸು ಅಂದರೆ ಅಮ್ಮ ಒಪ್ಪಲಿಲ್ಲ. ಜನವರಿ ತಿಂಗಳು, ಬಾತ್‌ರೂಮಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿ ಕೂತಿತ್ತು. ಚಮಚದಲ್ಲಿ ಕೆರೆದು ತಲೆಗೆ ಮೆತ್ತಿಕೊಂಡೆ. ಸೊಗಸಾಗಿ ನಿಂತಿತು ಕೂದಲು, ಮುಳ್ಳುಹಂದಿ ಹಾಗೆ. ಬಸ್ ಸ್ಟಾಪಿನಲ್ಲಿ ಎಲ್ಲರೂ ನೋಡಿದರು. ಮೊದಲ ಪೀರಿಯಡ್ಡಿನಲ್ಲಿ ನನ್ನ ಜಾಗ ಕೋಣೆ ಬಿಸಿ ಮಾಡುವ ರೇಡಿಯೇಟರಿನ ಪಕ್ಕ. ಹತ್ತೇ ನಿಮಿಷಕ್ಕೆ ಕ್ರಾಂತಿ ಕರಗಿ ಕಿವಿ ಹಿಂದಿನಿಂದ ಕಾಲರಿನೊಳಗೆ ಇಳಿಯಿತು. ಇಡೀ ಕ್ಲಾಸು ಚಟ್ನಿ ಅರೆದ ಮನೆಯ ಹಾಗೆ ಘಮಘಮ.

ಪಂಕ್ ಆಗಲು ಆಗದ ಮೇಲೆ ಉಳಿದಿದ್ದು ಒಂದೇ ವಿದ್ಯೆ, ನಕಲು. ನನಗೆ ಕನ್ನಡ ಬಂದಿದ್ದೇ ನಕಲು ಮಾಡಿ. ಇಲ್ಲಿ ಬೆಳೆದ ಬೇರೆ ಹುಡುಗರು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ನಾನು ಮಂಗಳೂರಿನ ಆಂಟಿಗೆ ಮಂಗಳೂರಿನವರ ಹಾಗೆ, ಮೈಸೂರು ಅಂಕಲ್‌ಗೆ ಮೈಸೂರಿನವರ ಹಾಗೆ ಉತ್ತರ ಕೊಟ್ಟು ಬೈಸಿಕೊಳ್ಳುತ್ತಿದ್ದೆ. ನಿನ್ನ ಸ್ವಂತ ಕನ್ನಡ ಯಾವುದಪ್ಪ ಅಂತ ಮಾತ್ರ ಕೇಳಬೇಡಿ. ಇನ್ನೂ ಸಿಕ್ಕಿಲ್ಲ, ಸಿಕ್ಕಾಗ ಅದರದ್ದೂ ನಕಲು ಮಾಡುತ್ತೇನೆ.

ನಮ್ಮವರು ವರ್ಷಕ್ಕೊಂದು ಸಲ ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಬಸವ ಜಯಂತಿ ಮಾಡುತ್ತಾರೆ. ಪೂಜೆ, ವಚನಗಾಯನ, ಆಮೇಲೆ ಮಕ್ಕಳ ಕಾರ್ಯಕ್ರಮ. ನನ್ನ ಐಟಂ ಕಾಕಾ. ಕಾಕಾ ಪಬ್ಬಿಗೆ ಹೋದ ಕಥೆಯನ್ನು ಕಾಕಾನ ದನಿಯಲ್ಲೇ ಹೇಳುವುದು. ಮೊದಲ ವರ್ಷ ಹೇಳಿದ್ದು ಕಾರಲ್ಲಿ ಕೇಳಿದಷ್ಟೇ. ಜನ ನಕ್ಕರು, ಆದರೆ ಸಾಲದು ಅನ್ನಿಸಿತು. ಮುಂದಿನ ವರ್ಷ ನನ್ನ ಕಥೆಯಲ್ಲಿ ಪಬ್ಬಿನ ಹಾಡುಗಾರ ಕಾಕಾನ ಟೈ ಕಿತ್ತುಕೊಂಡು ತನ್ನ ಹಣೆಗೆ ಕಟ್ಟಿಕೊಂಡ. ಅದರ ಮುಂದಿನ ವರ್ಷ ಪಬ್ಬಿಗೆ ಒಂದು ಬಾಲ್ಕನಿ ಬಂತು. ಆ ಹಾಡುಗಾರ ಬಾಲ್ಕನಿಯಿಂದ ನೇರ ಕಾಕಾನ ಮೇಲೆ ಹಾರಿದ, ಅವನ ಹಣೆ ಒಡೆಯಿತು, ಕಾಕಾ ಅವನ ಕಿವಿಯ ಸೇಫ್ಟಿ ಪಿನ್ನನ್ನೇ ಬಿಚ್ಚಿ ಗಾಯಕ್ಕೆ ಹಾಕಿ, "ಎರಡು ದಿನ ನೀರು ತಾಗಿಸಬ್ಯಾಡೋ" ಅಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮೊದಲ ಸಾಲಿನಲ್ಲಿದ್ದ ಕಾಕಾ, ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು.

ವರ್ಷ ವರ್ಷ ಅದೇ. ನಾನು ಕಾಲೇಜಿಗೆ ಲೀಡ್ಸಿಗೆ ಹೋದೆ, ಹೆಡಿಂಗ್ಲೀಯ ಮನೆಯೊಂದರಲ್ಲಿ ನಾಲ್ಕು ಜನರ ಜೊತೆ ಉಳಿದೆ, ಕೆಲಸ ಹಿಡಿದೆ, ಬ್ಯಾಂಡು ಕಟ್ಟಿದೆ. ಪಕ್ಕದ ಮನೆಯವರು ಬಂದು ತುಂಬ ವಿನಯದಿಂದ "ಇದು ಯಾವಾಗ ಮುಗಿಯಬಹುದು?" ಅಂತ ಕೇಳಿದರು. ಈ ಹಾಡಾ ಅಂದೆ. ಇಲ್ಲ, ಬ್ಯಾಂಡು ಅಂದರು. ಅವರ ಮಾತಿಗೆ ಬೆಲೆ ಕೊಟ್ಟು ಮುಗಿಸಿದೆವು. ಬಸವ ಜಯಂತಿಗೆ ಮಾತ್ರ ತಪ್ಪದೆ ಹೋಗಿ ಬಾಲ್ಕನಿಯಿಂದ ಹಾರುತ್ತಿದ್ದೆ.

ಹೀಗಿರುವಾಗ ಕಳೆದ ವರ್ಷ ಮ್ಯಾಂಚೆಸ್ಟರಿನ ಒಂದು ಲೈಬ್ರರಿಯವರು ಮೊದಲ ಪಂಕ್ ದಿನಗಳ ಬಗ್ಗೆ ಪ್ರದರ್ಶನ ಮಾಡುತ್ತೇವೆ ಅಂದರು. ಬ್ಯಾಂಡಿನವರದ್ದಲ್ಲ, ಕೇಳಲು ಹೋದವರ ನೆನಪು ಬೇಕಂತೆ. ನಾನೇ ಬರೆದೆ, ನಮ್ಮ ಕಾಕಾ ಇದ್ದಾರೆ ಅಂತ. ನನ್ನ ಆಸೆ ಇಷ್ಟೇ: ಆ ಪ್ರದರ್ಶನದ ಗೋಡೆಯ ಮೇಲೆ ಚರ್ಮದ ಜಾಕೆಟ್ಟುಗಳ ನಡುವೆ ಒಂದು ಕಾರ್ಡಿಗನ್ನೂ ಇರಬೇಕು. ಇವರೂ ಅಲ್ಲಿದ್ದರು ಅಂತ ಊರು ನೋಡಬೇಕು. ಕಾಕಾನೂ ಒಳಗೊಳಗೇ ಹಿಗ್ಗಿದರು. ಕಾಕಾನ ಹೆಂಡತಿ ಕಾಕೂ ಹೇಳಿದ ಪ್ರಕಾರ ಒಂದು ವಾರ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದರು.

ಅದನ್ನು ಕೇಳಿದಾಗಲೇ ನನಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ.

ರೆಕಾರ್ಡ್ ಮಾಡಲು ಲೈಬ್ರರಿಯ ಹುಡುಗಿಯೊಬ್ಬಳು ಮ್ಯಾಕಲ್ಸ್‌ಫೀಲ್ಡಿಗೆ ಬಂದಳು. ಕಾಕೂ ಚುರುಮುರಿ, ಚಹಾ ಇಟ್ಟರು. ಹುಡುಗಿ ಯಂತ್ರ ಒತ್ತಿದಳು. ಕಾಕಾ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದರು: "ಆ ಪಬ್ಬಿಗೆ ಒಂದು ಬಾಲ್ಕನಿ ಇತ್ತು..."

ತಮಾಷೆ ಅಂದುಕೊಂಡೆ. ಈಗ ನಗುತ್ತಾರೆ, ಈಗ ನಗುತ್ತಾರೆ ಅಂತ ಕಾದೆ. ಟೈ ಬಂತು. ಹಾರಿದ್ದು ಬಂತು. ಸೇಫ್ಟಿ ಪಿನ್ನು ಬಂತು. ನಾನು ನಗೆಗಾಗಿ ಎಲ್ಲೆಲ್ಲಿ ನಿಲ್ಲಿಸುತ್ತಿದ್ದೆನೋ ಅಲ್ಲಲ್ಲೇ ನಿಲ್ಲಿಸಿದರು, ನಾನು ಕೈ ಎತ್ತುವ ಕಡೆ ಕೈ ಎತ್ತಿದರು. ಕಾಕಾ ನನ್ನ ನಕಲು ಮಾಡುತ್ತಿದ್ದರು, ಅದೂ ಗೊತ್ತಿಲ್ಲದೆ! ನಾಚಿಕೆ ಬಿಟ್ಟು ಹೇಳಬೇಕೆಂದರೆ, ಎರಡು ನಿಮಿಷ ನನಗೆ ಖುಷಿಯೇ ಆಯಿತು. ಟೈಮಿಂಗ್ ಅಷ್ಟು ಚೆನ್ನಾಗಿತ್ತು. ಮೂರನೇ ನಿಮಿಷಕ್ಕೆ ಚಹಾ ಕಪ್ಪು ಕೆಳಗಿಟ್ಟೆ.

"ಕಾಕಾ," ಅಂದೆ ಕನ್ನಡದಲ್ಲಿ, "ಬಾಲ್ಕನಿ ನಾನು ಸೇರಿಸಿದ್ದಲ್ವಾ?"

"ನೀ ಏನ್ ಸೇರಸ್ತಿ? ಆವಾಗ ನೀ ಹುಟ್ಟಿದ್ದೇನು?"

"ಇಲ್ಲ, ಆದ್ರೆ..."

"ನಿಮ್ಮವ್ವನ ಮದುವಿನೂ ಆಗಿದ್ದಿಲ್ಲ. ಸುಮ್ನ ಚುರುಮರಿ ತಿನ್ನು."

ಕಾಕೂ ಬಾಗಿಲಲ್ಲಿ ನಿಂತು, "ಮದುವಿ ಆದ ಮ್ಯಾಲ ನಲವತ್ತು ವರ್ಷ ಈ ಬಾಲ್ಕನಿ ಸುದ್ದಿ ನಿಮ್ಮ ಬಾಯಾಗ ನಾ ಕೇಳೇ ಇಲ್ಲ," ಅಂದರು. "ನಿನಗ ಎಲ್ಲಾ ಹೇಳಬೇಕೇನು?" ಅಂದರು ಕಾಕಾ. ಹುಡುಗಿಗೆ ಒಂದಕ್ಷರ ಅರ್ಥವಾಗದಿದ್ದರೂ ಸೊಗಸಾಗಿ ಕಂಡಿರಬೇಕು, ಯಂತ್ರ ನಿಲ್ಲಿಸಲೇ ಇಲ್ಲ.

ಮಾರನೇ ದಿನ ಅವಳಿಗೆ ಉದ್ದದ ಈಮೇಲ್ ಬರೆದೆ. ಬಾಲ್ಕನಿ ನನ್ನದು, ಟೈ ನನ್ನದು, ಪಿನ್ನು ನನ್ನದು, ಕಾಕಾನದ್ದು ಬರೀ ನಾಲ್ಕು ವಾಕ್ಯ ಅಂತ. ಅವಳ ಉತ್ತರದಲ್ಲಿ ನಗುವ ಮುಖಗಳ ಒಂದು ಸಾಲು. "ನೀವು ಹೀಗೇ ಏನಾದರೂ ಚೇಷ್ಟೆ ಮಾಡುತ್ತೀರಿ ಅಂತ ಡಾಕ್ಟರು ಮೊದಲೇ ಹೇಳಿದ್ದರು!" ಇನ್ನೊಂದು ಬರೆದೆ. ಫಲಕ ಪ್ರಿಂಟಿಗೆ ಹೋಗಿದೆ ಅಂತ ಉತ್ತರ ಬಂತು.

ಶನಿವಾರ ಮಧ್ಯಾಹ್ನ ಪ್ರದರ್ಶನ ಶುರು. ನಮ್ಮವರು ಹತ್ತಿಪ್ಪತ್ತು ಜನ ರೇಷ್ಮೆ ಸೀರೆ, ಕೋಟು ಹಾಕಿಕೊಂಡು ಗೃಹಪ್ರವೇಶಕ್ಕೆ ಬಂದ ಹಾಗೆ ಬಂದರು. ಒಳಗೆ ಒಂದು ಹರಿದ ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮುಟ್ಟಬಾರದು ಅಂತ ಬೋರ್ಡು ಹಾಕಿದ್ದರು. ಎಲ್ಲವನ್ನೂ ಒಡೆಯಬೇಕು ಅಂತ ಹುಟ್ಟಿದ ಸಂಗೀತಕ್ಕೆ ಒಬ್ಬ ಕಾವಲುಗಾರ ಬೇರೆ. ಮೂಲೆಯ ಗೋಡೆಯ ಮೇಲೆ ಕಾಕಾ ಇದ್ದರು. ವಿಭೂತಿ, ಕಾರ್ಡಿಗನ್, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ: "ಅವನು ಬಾಲ್ಕನಿಯಿಂದ ನನ್ನ ಮೇಲೆ ಹಾರಿದ."

ಅದರ ಮುಂದೆ ಒಬ್ಬ ಮುದುಕ ನಿಂತಿದ್ದ. ಬಿಳಿ ಕೂದಲು, ಕಿವಿಯಲ್ಲಿ ಮೂರು ರಿಂಗು, ರಿಂಗುಗಳ ಹಿಂದೆ ಹಿಯರಿಂಗ್ ಏಡ್. ಬಸ್ ಡ್ರೈವರ್ ಆಗಿದ್ದನಂತೆ, ಅವನ ಫಲಕವೂ ಎದುರು ಗೋಡೆಯಲ್ಲಿತ್ತು. ಪ್ರತಿ ವಾರ ಆ ಪಬ್ಬಿಗೆ ಹೋದವನು. ಕಾಕಾನನ್ನು ನೋಡಿ ಕೈ ಕುಲುಕಿ ಇಂಗ್ಲಿಷಿನಲ್ಲಿ ಕೇಳಿದ:

"ಈ ಬಾಲ್ಕನಿ ಅಂದ್ರಲ್ಲ, ಅದು ಎಲ್ಲಿತ್ತು?"

"ಮೇಲೆ," ಅಂದರು ಕಾಕಾ.

"ಮೇಲೆ ರಸ್ತೆ ಇತ್ತು, ಸಾರ್. ನಾವು ಕೇಳ್ತಿದ್ದಿದ್ದು ನೆಲಮಾಳಿಗೇಲಿ. ಬ್ಯಾರೆಲ್ ಇಡೋ ಜಾಗ. ತಲೆ ಬಗ್ಗಿಸ್ಕೊಂಡು ಮೆಟ್ಟಿಲಿಳಿದು ಹೋಗ್ಬೇಕಿತ್ತು." ಸಿಟ್ಟಿನಿಂದೇನೂ ಹೇಳಲಿಲ್ಲ. ಇನ್ನೂ ಮೆತ್ತಗೆ, "ಪರವಾಗಿಲ್ಲ ಬಿಡಿ. ನಾನೂ ಅಲ್ಲಿದ್ದೆ ಅಂತ ಹೇಳೋಕೆ ತುಂಬ ಜನಕ್ಕೆ ಆಸೆ," ಅಂದು ಕಾಕಾನ ಭುಜ ತಟ್ಟಿದ.

ಬೈದಿದ್ದರೆ ಚೆನ್ನಾಗಿತ್ತು. ಆ ತಟ್ಟುವಿಕೆ ಇದೆಯಲ್ಲ, ಅದನ್ನು ನಾನು ಸಹಿಸಲಾರದೆ ನಡುವೆ ನುಗ್ಗಿದೆ. ನಮ್ಮವರೆಲ್ಲ ಸುತ್ತ ಸೇರಿದ್ದರು. ಕೈಮುಗಿದು, ಜೋರಾಗಿ, ಎರಡೂ ಭಾಷೆಯಲ್ಲಿ ಹೇಳಿದೆ: ಬಾಲ್ಕನಿ ಸುಳ್ಳು, ಕಟ್ಟಿದ್ದು ನಾನು, ಇವರು ನಿಜವಾಗಿ ಅಲ್ಲಿದ್ದರು, ತಪ್ಪೆಲ್ಲ ನನ್ನದು.

ನಮ್ಮವರು ನಕ್ಕರು. ನಗಬೇಡಿ, ನಿಜ ಹೇಳ್ತಿದೀನಿ ಅಂದೆ. ಇನ್ನೂ ಜೋರಾಗಿ ನಕ್ಕರು. ಒಬ್ಬ ಆಂಟಿ ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ಥೇಟ್ ನಿಮ್ಮಮ್ಮ ಕಣೋ!" ಅಂದರು. ಆಗ ಹೊಳೆಯಿತು ನನ್ನ ಗ್ರಹಚಾರ. ಗಂಭೀರವಾಗಿ ಮಾತಾಡಲು ನನ್ನ ಹತ್ತಿರ ಬೇರೆ ದನಿಯೇ ಇಲ್ಲ, ಅಮ್ಮನದೊಂದೇ. ಹುಬ್ಬು ಗಂಟಿಕ್ಕಿ, ಬೆರಳು ಎಣಿಸುತ್ತಾ, ರೋಗಿಗೆ ಸಕ್ಕರೆ ಬಿಡಿ ಅಂತ ಹೇಳುವ ಅಮ್ಮ. ಇಪ್ಪತ್ತು ವರ್ಷ ಎಲ್ಲರನ್ನೂ ಆಡಿಕೊಂಡಿದ್ದೇನೆ, ಬೇಕಾದ ಹೊತ್ತಿಗೆ ನನ್ನದು ಅನ್ನುವ ಒಂದು ಗಂಟಲು ಇಟ್ಟುಕೊಂಡಿಲ್ಲ. ಥೂ.

ಸಿಟ್ಟಿನಲ್ಲಿ ಕೈಯಲ್ಲಿದ್ದ ಆಮಂತ್ರಣ ಹರಿದು, ಅದರ ಬೆನ್ನಿಗೆ ಇಂಗ್ಲಿಷಿನಲ್ಲಿ "ಬಾಲ್ಕನಿ ಇರಲಿಲ್ಲ, ಅದು ನನ್ನ ಸುಳ್ಳು" ಅಂತ ಗೀಚಿ, ಕಾಕಾನ ಫಲಕದ ಮೇಲೆ ಅಂಟಿಸಿದೆ. ಲೈಬ್ರರಿಯ ಹುಡುಗಿ ಓಡಿ ಬಂದಳು. ಬೈಯುತ್ತಾಳೆ, ಕಿತ್ತು ಹಾಕುತ್ತಾಳೆ, ಆಮೇಲಾದರೂ ವಿಷಯ ಏನು ಅಂತ ಕೇಳುತ್ತಾಳೆ ಅಂದುಕೊಂಡರೆ, ಎರಡು ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆದಳು. "ಇದು ಎಷ್ಟು ಪಂಕ್! ಹೀಗೇ ಇರಲಿ!" ಅಂದಳು. ಕಾವಲುಗಾರನನ್ನು ಕರೆದು, ಇದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಅಂತಲೂ ಹೇಳಿದಳು.

ಇದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಚಚ್ಚಿಕೊಂಡರೆ ಅದರದ್ದೂ ಫೋಟೋ ತೆಗೆಯುತ್ತಾರೆ.

ಕಾಕಾ ಕಾಣಲಿಲ್ಲ. ಹುಡುಕಿದರೆ ಕೋಟು ನೇತುಹಾಕುವ ಜಾಗದ ಪಕ್ಕದ ಬೆಂಚಿನಲ್ಲಿ, ಮಂಡಿ ಮೇಲೆ ಕೈಯಿಟ್ಟು ಕೂತಿದ್ದರು, ಎಕ್ಸ್‌ರೇ ರಿಪೋರ್ಟಿಗೆ ಕಾಯುವ ರೋಗಿಯ ಹಾಗೆ. ಪಕ್ಕದಲ್ಲಿ ಕೂತೆ.

"ತಮ್ಮಾ," ಅಂದರು ಆಮೇಲೆ. "ಖರೆ ಹೇಳು. ನಾ ಅಲ್ಲಿದ್ದೆನೋ, ಇಲ್ಲೋ?"

ಅವರ ಯೌವನವನ್ನು ಅವರು ನನ್ನನ್ನು ಕೇಳುತ್ತಿದ್ದರು. ಮೆಟ್ಟಿಲು ಇಳಿದೆನೋ ಹತ್ತಿದೆನೋ ಅಂತ ನೆನಪು ಮಾಡಿಕೊಳ್ಳಲು ಹೋದರೆ, ಪ್ರತಿ ಸಲವೂ ಆ ದರಿದ್ರ ಬಾಲ್ಕನಿಯೇ ಕಣ್ಣಿಗೆ ಕಟ್ಟುತ್ತದಂತೆ, ಅದರ ಕಬ್ಬಿಣದ ಸರಳುಗಳ ಸಮೇತ. ಸರಳು ಹಾಕಿದ್ದೂ ನಾನೇ, ಮೂರು ವರ್ಷದ ಹಿಂದೆ.

ನನ್ನ ಹತ್ತಿರ ಇದ್ದಿದ್ದು ಒಂದೇ ಒಂದು ಪುರಾವೆ. ನಕಲುಗಾರರಿಗೆ ಮೊದಲು ಕೇಳಿದ್ದು ಮರೆಯುವುದಿಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತು ಎರಡೂ ಕೈ ಇಲ್ಲದ ಸ್ಟಿಯರಿಂಗ್ ಮೇಲಿಟ್ಟೆ. ಎಡಗೈಯಲ್ಲಿ ಗೇರು ಬದಲಿಸಿದೆ. ಸಣ್ಣಗೆ ಕೆಮ್ಮಿದೆ. ಎದುರಿನ ಗೋಡೆಯನ್ನೇ ರಸ್ತೆ ಮಾಡಿಕೊಂಡು ಹೇಳಿದೆ: "ಆಸ್ಪತ್ರಿ ಹತ್ರ ಒಂದು ಪಬ್ಬಿನ್ಯಾಗ ಇಂಥಾವೆಲ್ಲ ಹಾಡತಿದ್ರು. ಯಾರಿಗರೆ ಪೆಟ್ಟು ಬೀಳತದ, ಡಾಕ್ಟರ್ ಬೇಕಾಗತದ ಅಂತ ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ. ಯಾರಿಗೂ ಬೀಳಲಿಲ್ಲ."

ನಗಿಸಲು ಒಂದು ಚೂರೂ ಸೇರಿಸಲಿಲ್ಲ. ಇಂಥ ಕಷ್ಟದ ಐಟಂ ನಾನು ಯಾವತ್ತೂ ಮಾಡಿಲ್ಲ. ಕಾಕಾ ಕಣ್ಣು ಮುಚ್ಚಿ ಕೇಳಿದರು. ನಾನು ಕೊನೆಯ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ತಡಿ. ಗ್ವಾಡಿ." ಅವರ ಬಲಗೈ ಬೆನ್ನ ಹಿಂದೆ ಹೋಗಿ ಭುಜ ಒರೆಸಿಕೊಂಡಿತು, ಏನೋ ಅಂಟಿರುವ ಹಾಗೆ. "ಸುಣ್ಣ. ನನ್ನ ಕರೀ ಕೋಟು, ಊರಾಗ ಹೊಲಿಸಿದ್ದು. ಹಿಂದ ಎಲ್ಲಾ ಬೆಳ್ಳಗ ಆಗಿತ್ತು. ಮರುದಿನ ವಾರ್ಡಿನ್ಯಾಗ ಸಿಸ್ಟರ್ ಬ್ರಶ್ ತಗೊಂಡು ಝಾಡಿಸಿದ್ಲು. ಎಲ್ಲಿ ಬಿದ್ದಿದ್ರಿ ಡಾಕ್ಟರ್ ಅಂತ ಕೇಳಿದ್ಲು."

ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸುಣ್ಣ ನನ್ನದಲ್ಲ. ಆ ಕೋಟು ನನ್ನದಲ್ಲ.

ಕಾಕಾ ಎದ್ದರು. ನೇರ ಆ ಬಸ್ ಡ್ರೈವರನ ಹತ್ತಿರ ಹೋಗಿ, ಅವನ ಬೆನ್ನು ತೋರಿಸಿ ಕೇಳಿದರು, "ಅಲ್ಲಿ ಗೋಡೆಗೆ ಸುಣ್ಣ ಹೊಡೆದಿದ್ರು, ಅಲ್ವಾ?"

ಮುದುಕ ಹಿಯರಿಂಗ್ ಏಡ್ ಸರಿಮಾಡಿಕೊಂಡ. ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಅವನ ಮುಖ ನೋಡಬೇಕಿತ್ತು.

"ಅಯ್ಯೋ ದೇವರೇ, ಆ ಸುಣ್ಣ! ಬೆವರಿಗೆ ಕರಗಿ ಎಲ್ಲರ ಬೆನ್ನಿಗೂ ಅಂಟ್ತಿತ್ತು. ಬಸ್ಸಲ್ಲಿ ಬೆನ್ನು ನೋಡಿದ್ರೇ ಗೊತ್ತಾಗ್ತಿತ್ತು, ಯಾರ್ಯಾರು ಅಲ್ಲಿಂದ ಬಂದ್ರು ಅಂತ." ಈ ಸಲ ಭುಜ ತಟ್ಟಲಿಲ್ಲ, ಕಾಕಾನ ತೋಳು ಹಿಡಿದುಕೊಂಡ.

ಒಂದು ಗಂಟೆ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತರು. ಕಾಕೂ ಎರಡು ಸಲ ಚಹಾ ತಂದುಕೊಟ್ಟು, "ಇವ್ರು ಹಾಡು ಕೇಳ್ಯಾರೋ ಗ್ವಾಡಿಗೆ ಸುಣ್ಣ ಹಚ್ಚ್ಯಾರೋ ಆ ಬಸವಣ್ಣಗ ಗೊತ್ತು," ಅಂದರು. ನಾನು ದೂರ ನಿಂತೆ. ಏನು ಮಾತಾಡಿದರು ಅಂತ ಕೇಳಿಸಿಕೊಳ್ಳಲಿಲ್ಲ, ಬೇಕಂತಲೇ. ಕೇಳಿದರೆ ಕಲಿತುಬಿಡುತ್ತೇನೆ.

ಮನಸ್ಸು ಸ್ವಲ್ಪ ಹಗುರವಾಗಿದ್ದು ನಿಜ. ಫಲಕ ಸುಳ್ಳಾದರೇನು, ಅಲ್ಲಿದ್ದ ಒಬ್ಬನಾದರೂ ಕಾಕಾನನ್ನು ನಂಬಿದ. ಹೊರಡುವಾಗ ಮುದುಕ ಬಾಗಿಲವರೆಗೂ ಬಂದ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಯೋಚಿಸುತ್ತಿದ್ದವನು ತಟ್ಟನೆ ನನ್ನ ಕಡೆ ತಿರುಗಿದ.

"ನೋಡಪ್ಪ, ನಿಮ್ಮಂಕಲ್ ಹೇಳಿದ ಮೇಲೆ ನನಗೂ ನೆನಪಾಗ್ತಿದೆ. ಮೆಟ್ಟಿಲ ಪಕ್ಕ ಒಂದು ಕಟ್ಟೆ ಥರ ಇತ್ತು. ಕಂಬಿ ಬೇರೆ ಇತ್ತು. ಬಾಲ್ಕನಿ ಅಂತಲೇ ಅನ್ನಬಹುದು. ಅಲ್ಲಿಂದ ಯಾರೋ ಹಾರಿದ್ರಪ್ಪ, ಹೌದು, ಹಾರಿದ್ರು."

ಕಂಬಿ ಬೇರೆ! ಬೇಡ ಅಂತ ಬಾಯಿ ತೆರೆದೆ. ಯಾರ ದನಿಯಲ್ಲಿ ಹೇಳುವುದು? ಮುಚ್ಚಿಕೊಂಡೆ. ಕಾಕಾ ಆಗಲೇ ಅಲ್ಲೇ ಎದುರಿಗಿದ್ದ ಕಾರಿನ ಬಾಗಿಲು ತೆಗೆದು ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವವರೆಗೂ ಕಾದರು. ಗೇರು ಹಾಕಿದರು, ಸಣ್ಣಗೆ ಕೆಮ್ಮಿದರು.

"ಕೇಳಿದಿಲ್ಲೋ?" ಅಂದರು. "ಬಾಲ್ಕನಿ ಇತ್ತಂತ."